ಗಟ್ಟಿ ಯಾವ್ದು, ಬರೀ ಭಾರ ಯಾವ್ದು: 350–450 ಸಿಸಿ ಗಾಡಿನ ಬಗ್ಗಿ ನೋಡೋದು ಹೇಗೆ

ಗೊತ್ತಿರೋರಲ್ಲಿ ಯಾರಾದ್ರೂ 350 ಸಿಸಿ ಗಾಡಿ ತಗೋತೀನಿ ಅಂದ್ರೆ ನನಗೊಂದು ಫೋನ್ ಬರತ್ತೆ, ನಾನೇನು ಮೆಕ್ಯಾನಿಕ್ ಅಲ್ಲ, ಆದ್ರೆ ಶನಿವಾರ ಬಂತು ಅಂದ್ರೆ ಯಾರ್ದೋ ಗಾಡಿ ಕೆಳಗೆ ಟಾರ್ಚ್ ಬಿಟ್ಕೊಂಡು ಬಗ್ಗಿ ಕೂತಿರ್ತೀನಿ ಅನ್ನೋದು ಎಲ್ರಿಗೂ ಗೊತ್ತು. ಶೋರೂಮಿಗೆ ಹೋದ ತಕ್ಷಣ ಹೆಚ್ಚುಕಮ್ಮಿ ಎಲ್ರೂ ಎರಡೇ ಕೆಲಸ ಮಾಡ್ತಾರೆ. ಬೆರಳ ಗೆಣ್ಣಲ್ಲಿ ಟ್ಯಾಂಕ್ ಬಡಿದು "ತಗಡು ದಪ್ಪ ಇದೆ ಗುರು" ಅಂತಾರೆ, ಆಮೇಲೆ ಸೀಟ್ ಮೇಲೆ ಕೂತು ಎರಡು ಸಲ ಕುಕ್ಕಿ "ಸಸ್ಪೆನ್ಷನ್ ಬೆಣ್ಣೆ ಇದ್ದಂಗಿದೆ" ಅಂತಾರೆ. ಎರಡ್ರಿಂದಾನೂ ಏನೂ ಗೊತ್ತಾಗಲ್ಲ. ಭಾರ ಇದೆ ಅಂದ್ರೆ ಗಟ್ಟಿ ಅಂತಲ್ಲ, ಮೆತ್ತಗಿದೆ ಅಂದ್ರೆ ಸುಖ ಅಂತಲ್ಲ. ಇದನ್ನೇ ಹೇಳೋಕೆ ಇಷ್ಟುದ್ದ ಬರೀತಿರೋದು.

ಮೊದಲು ಭಾರದ ವಿಷ್ಯ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಕ 195 ಕೆಜಿ, ಅದೇ ಕಂಪನಿ ಅದೇ ಇಂಜಿನ್ ಹಾಕಿರೋ ಹಂಟರ್ 181 ಕೆಜಿ, ಟ್ರಯಂಫ್ ಸ್ಪೀಡ್ 400 ಸುಮಾರು 176 ಕೆಜಿ. ಹಂಗಂತ ಸ್ಪೀಡ್ 400 ಡಬ್ಬಾ ಗಾಡಿ, ಕ್ಲಾಸಿಕ್ ಕಲ್ಲು ಅಂತ ಆಗ್ಬಿಡತ್ತಾ? ಆಗಲ್ಲ. ಕ್ಲಾಸಿಕ್‌ನಲ್ಲಿ ಮಡ್‌ಗಾರ್ಡ್ ಕಬ್ಬಿಣದ್ದು, ದೊಡ್ಡ ಚಕ್ರ, ಹಳೇ ಶೈಲಿಯ ಮೈಕಟ್ಟು, ತೂಕ ಅಲ್ಲೆಲ್ಲ ಹೋಗಿದೆ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕ್ತು, ಅಲ್ಲಿಂದ ಬಂದ ಯೆಜ್ಡಿಗಳು ಇವತ್ತಿಗೂ ರೋಡಲ್ಲಿ ಢರ್ ಅಂತ ಓಡಾಡ್ತಿವೆ, ಅವೇನು ಇಷ್ಟೊಂದು ತೂಕ ಇರ್ಲಿಲ್ಲ, ಹೆಚ್ಚಿನವು 250 ಸಿಸಿ ಎರಡು ಸ್ಟ್ರೋಕ್ ಗಾಡಿಗಳು ಅಷ್ಟೇ. ಅವು ಬಾಳಿಕೆ ಬಂದಿದ್ದು ಯಾಕಂದ್ರೆ ನಾಲ್ಕು ಸ್ಪ್ಯಾನರ್ ಇದ್ರೆ ಬಿಚ್ಚಿ ಕೂರಿಸ್ಬಹುದಿತ್ತು, ಬಿಚ್ಚಿದ ಬೋಲ್ಟು ಮತ್ತೆ ಅದೇ ತೂತಿಗೆ ಕೂರ್ತಿತ್ತು. ನನ್ನ ಪ್ರಕಾರ ಬಿಲ್ಡ್ ಕ್ವಾಲಿಟಿ ಅಂದ್ರೆ ಇದು, ಐದು ವರ್ಷ ಆದ್ಮೇಲೂ ಬೋಲ್ಟ್ ತಿರುಗತ್ತಾ, ವೈರ್ ಸರಿಯಿದೆಯಾ, ವೆಲ್ಡಿಂಗ್ ಬಿಟ್ಟಿಲ್ವಾ.

ನನ್ನ ಕಥೆ ಕೇಳಿ. ಕೆಲಸಕ್ಕೆ ಸೇರಿದ ಮೇಲೆ ತಗೊಂಡ ಮೊದಲ್ನೇ ದೊಡ್ಡ ಗಾಡಿ, ಕಂಪನಿ ಹೆಸರು ಬೇಡ, ನೋಡೋಕೆ ಆನೆ. ಮೊದಲ್ನೇ ಮಳೆಗಾಲದಲ್ಲೇ ಸೈಲೆನ್ಸರ್ ಬೆಂಡ್ ಪೈಪ್‌ನ ನಟ್‌ಗಳು ಕೆಂಪಗಾದ್ವು, ಸರಿ ಹೋಗ್ಲಿ ಅಂದ್ಕೊಂಡೆ. ಎರಡನೇ ಮಳೆಗಾಲ, ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳೀತಾ ಇದೀನಿ, ಎಡಕ್ಕೆ ತಿರುಗಿದಾಗೆಲ್ಲ ಹಾರ್ನ್ ತಾನೇ ಹೊಡ್ಕೊಳ್ಳೋಕೆ ಶುರು! ಎದುರು ಬರೋ ಲಾರಿಯವ್ರೆಲ್ಲ ಬೈಕೊಂಡು ಹೋಗ್ತಿದ್ರು. ಆಮೇಲೆ ಫ್ಯೂಸ್ ಹಾರೋಯ್ತು, ಹೆಡ್‌ಲೈಟೂ ಹೋಯ್ತು, ಕತ್ಲಾಗ್ತಿದ್ದ ಹೊತ್ತು, ಒಂದು ಕೆಎಸ್‌ಆರ್‌ಟಿಸಿ ಬಸ್ಸಿನ ಹಿಂದಿನ ಕೆಂಪು ಲೈಟ್ ನೋಡ್ಕೊಂಡು ಕೆಳಗಿನ ತನಕ ಬಂದೆ. ಬಿಚ್ಚಿ ನೋಡಿದ್ರೆ ಹ್ಯಾಂಡಲ್ ತಿರುಗೋ ಜಾಗದಲ್ಲಿ, ಕೋನ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಪಕ್ಕ, ವೈರಿಂಗ್ ಕಿಟ್ ಫ್ರೇಮಿಗೆ ಉಜ್ಜಿ ಉಜ್ಜಿ ಸಿಪ್ಪೆ ಕಿತ್ತೋಗಿತ್ತು. ಶೋರೂಮಲ್ಲಿ ಎರಡು ನಿಮಿಷ ಅಲ್ಲಿ ಟಾರ್ಚ್ ಬಿಟ್ಟಿದ್ರೆ ಕಾಣ್ತಿತ್ತು, ನಾನು ಆಗ ಟ್ಯಾಂಕ್ ಬಡೀತಾ ಇದ್ದೆ.

ಹಂಗಾಗಿ ಈಗ ನಾನು ಶುರು ಮಾಡೋದೇ ಅಲ್ಲಿಂದ. ಗಾಡಿ ಆನ್ ಮಾಡಿ ಐಡಲ್‌ನಲ್ಲಿ ಬಿಟ್ಟು ಹ್ಯಾಂಡಲ್‌ನ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ನಿಧಾನಕ್ಕೆ ತಿರುಗಿಸಿ. ವೈರು, ಕ್ಲಚ್ ಕೇಬಲ್, ಬ್ರೇಕ್ ಹೋಸ್ ಯಾವ್ದಾದ್ರೂ ಬಿಗಿಯಾಗಿ ಎಳೆಯತ್ತಾ, ಯಾವ್ದಾದ್ರೂ ಚೂಪು ಅಂಚಿಗೆ ತಾಗತ್ತಾ ನೋಡಿ. ತಿರುಗಿಸುವಾಗ ಇಂಜಿನ್ ಸೌಂಡ್ ಏರಿದ್ರೆ ಎಕ್ಸಲೇಟರ್ ಕೇಬಲ್ ಟೈಟ್ ಇದೆ ಅಂತ (ಕೇಬಲ್ ಇಲ್ಲದ ಗಾಡಿಗಳಲ್ಲಿ ಈ ಪ್ರಾಬ್ಲಮ್ ಬರಲ್ಲ). ಚೆನ್ನಾಗಿ ಮಾಡಿರೋ ಗಾಡೀಲಿ ವೈರ್‌ಗಳಿಗೆ ಒಂದು ದಾರಿ ಇರತ್ತೆ, ಕ್ಲಿಪ್ ಇರತ್ತೆ, ವೈರ್ ಜೋಡಿಸೋ ಕಪ್ಲರ್‌ಗಳಿಗೆ ರಬ್ಬರ್ ಟೋಪಿ ಇರತ್ತೆ. ಕೆಟ್ಟದಾಗಿ ಮಾಡಿರೋದ್ರಲ್ಲಿ ಹೆಡ್‌ಲೈಟ್ ಹಿಂದೆ ಶಾವಿಗೆ ತುಂಬಿದಂಗೆ ತುರುಕಿರ್ತಾರೆ.

ಆಮೇಲೆ ಮಂಡಿ ಊರಿ. ನಾಚಿಕೆ ಬೇಡ, ಎರಡೂವರೆ ಮೂರು ಲಕ್ಷ ಕೊಡ್ತಿರೋರು ನೀವು. ಸೈಡ್ ಸ್ಟ್ಯಾಂಡ್ ಫ್ರೇಮಿಗೆ ಸೇರೋ ಜಾಗ, ಸೆಂಟರ್ ಸ್ಟ್ಯಾಂಡ್ ಇದ್ರೆ ಅದರ ಬ್ರಾಕೆಟ್, ಹಿಂದಿನ ಫುಟ್‌ರೆಸ್ಟ್ ಬ್ರಾಕೆಟ್, ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್ ಆರ್ಮ್‌ನ ಒಳಮೈ, ಈ ನಾಲ್ಕು ಕಡೆ ವೆಲ್ಡಿಂಗ್ ನೋಡಿ. ಟ್ಯಾಂಕ್ ಪಕ್ಕದಲ್ಲಿರೋ, ಕಣ್ಣಿಗೆ ಕಾಣೋ ವೆಲ್ಡಿಂಗ್ ಎಲ್ಲ ಗಾಡೀಲೂ ಚೆನ್ನಾಗೇ ಇರತ್ತೆ, ಯಾರೂ ನೋಡಲ್ಲ ಅಂತ ಕಂಪನಿಯವ್ರು ಅಂದ್ಕೊಂಡಿರೋ ಜಾಗದಲ್ಲೂ ಹಂಗೇ ಇದೆಯಾ ಅನ್ನೋದು ಮುಖ್ಯ. ಒಂದೇ ಸಮ ಮೀನಿನ ಹುರುಪೆ ಥರ ಸಾಲಾಗಿ ಬಂದಿದ್ರೆ ಒಳ್ಳೇದು, ಅಲ್ಲಲ್ಲಿ ಗುಳ್ಳೆ, ಮಧ್ಯ ಗ್ಯಾಪ್, ಸುತ್ತ ಸಿಡಿದ ಹನಿಗಳ ಮೇಲೇ ಪೇಂಟ್ ಹೊಡೆದಿದ್ರೆ ಅಲ್ಲೇ ಮೊದಲು ತುಕ್ಕು ಹತ್ತೋದು. ಮಂಗಳೂರು, ಉಡುಪಿ, ಕಾರವಾರ ಕಡೆಯವ್ರು ಇದನ್ನ ಇನ್ನೂ ಸೀರಿಯಸ್ಸಾಗಿ ತಗೋಬೇಕು, ಸಮುದ್ರದ ಉಪ್ಪು ಗಾಳಿಗೆ ಬರೀ ಬೋಲ್ಟ್ ತಲೆ ಅಲ್ಲ, ಸ್ಪೋಕ್ ನಿಪ್ಪಲ್‌ಗಳೂ ಉಳಿಯಲ್ಲ. ಕರಾವಳಿಯವ್ರು ಯಾರಾದ್ರೂ ಕೇಳಿದ್ರೆ ನಾನು ಅಲಾಯ್ ವೀಲ್ ತಗೊಳ್ಳಿ ಅಂತೀನಿ, ಸ್ಪೋಕ್ ಚಂದ ನಿಜ, ಆದ್ರೆ ಒರೆಸೋರು ಯಾರು.

ಪೇಂಟ್ ನೋಡೋಕೆ ಒಂದು ಸುಲಭ ಉಪಾಯ, ಶೋರೂಮಿನ ಟ್ಯೂಬ್‌ಲೈಟ್ ಟ್ಯಾಂಕ್ ಮೇಲೆ ಹೊಳೀತಿರತ್ತಲ್ಲ, ಆ ಗೆರೆ ನೋಡಿ. ನೆಟ್ಟಗೆ ಬಂದ್ರೆ ಪೇಂಟ್ ಸಪಾಟಾಗಿದೆ, ಕಿತ್ತಳೆ ಸಿಪ್ಪೆ ಥರ ತರಿ ತರಿ ಕಂಡ್ರೆ ಅವಸರದ ಕೆಲಸ. ಸ್ಟಿಕರ್ ಅಂಚಿಗೆ ಉಗುರು ಸವರಿ, ಉಗುರು ಸಿಕ್ಕಾಕೊಂಡ್ರೆ ಸ್ಟಿಕರ್ ಪೇಂಟ್ ಮೇಲಿದೆ, ಎರಡು ವರ್ಷದಲ್ಲಿ ಟ್ಯಾಂಕ್ ಬ್ಯಾಗ್ ಉಜ್ಜಿ ಏಳತ್ತೆ. ಸಿಗ್ದೇ ಹೋದ್ರೆ ಮೇಲೆ ಕ್ಲಿಯರ್ ಕೋಟ್ ಹೊಡೆದಿದಾರೆ. ಟ್ಯಾಂಕಿಗೂ ಸೈಡ್ ಪ್ಯಾನಲ್‌ಗೂ ಮಧ್ಯ ಗ್ಯಾಪ್ ಎಡಗಡೆ ಎಷ್ಟಿದ್ಯೋ ಬಲಗಡೆನೂ ಅಷ್ಟೇ ಇರ್ಬೇಕು. ಪ್ಲಾಸ್ಟಿಕ್ ಅಂದ ತಕ್ಷಣ ಮೂಗು ಮುರಿಯೋರಿದಾರೆ, ಹಂಗೇನಿಲ್ಲ, ದಪ್ಪ ಪ್ಲಾಸ್ಟಿಕ್ ಮಡ್‌ಗಾರ್ಡ್ ಕೆಟ್ಟ ರೋಡಲ್ಲಿ ಬಾಗಿ ವಾಪಸ್ ಬರತ್ತೆ, ತೆಳು ತಗಡು ಬಿರುಕು ಬಿಡತ್ತೆ. ಬೆರಳಲ್ಲಿ ಒತ್ತಿದ್ರೆ ಕಿರುಗುಟ್ಟೋ ಪ್ಲಾಸ್ಟಿಕ್ ಬೇಡ ಅಷ್ಟೇ. ಸ್ವಿಚ್‌ಗಳನ್ನ ಕಣ್ಣು ಮುಚ್ಕೊಂಡು ಒತ್ತಿ ನೋಡಿ, ಇಂಡಿಕೇಟರ್ ಹಾಕೋಕೆ ಹೋಗಿ ಹಾರ್ನ್ ಒತ್ತಿದ್ರೆ ದಿನಾ ಅದೇ ಆಗತ್ತೆ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, ಉದಾಹರಣೆಗೆ 2324 ಅಂತಿದ್ರೆ 2024ರ 23ನೇ ವಾರ ಮಾಡಿದ್ದು. ಹೊಸ ಗಾಡಿಗೆ ಒಂದೂವರೆ ವರ್ಷ ಹಳೇ ಟೈರ್ ಇದ್ರೆ ಗಾಡಿನೂ ಯಾರ್ದೋ ಯಾರ್ಡಲ್ಲಿ ಬಿಸಿಲು ಕಾದಿರ್ಬಹುದು, ತಯಾರಾದ ತಿಂಗಳು ಕೇಳಿ.

ಈಗ ಓಡ್ಸೋ ವಿಷ್ಯ, ಇಲ್ಲೇ ನಿಜವಾಗಿ ಜನ ಮೋಸ ಹೋಗೋದು. ಟೆಸ್ಟ್ ರೈಡ್ ಅಂದ್ರೆ ಶೋರೂಮಿಂದ ಹೊಸ ಟಾರ್ ರೋಡಲ್ಲಿ ಒಂದು ಕಿಲೋಮೀಟರ್ ಹೋಗಿ ಯೂಟರ್ನ್ ಹೊಡ್ಕೊಂಡು ಬರೋದಲ್ಲ. ಡಿಎಲ್, ಹೆಲ್ಮೆಟ್ ತಗೊಂಡು ಹೋಗಿ, ಹೊರಡೋ ಮುಂಚೆ ಗಾಳಿ ಚೆಕ್ ಮಾಡ್ಸಿ, ಇದು ಮಾತ್ರ ಮರೀಬೇಡಿ. ಡೆಮೋ ಗಾಡೀಲಿ ಗಾಳಿ ಯಾವಾಗ್ಲೂ ತಪ್ಪಿರತ್ತೆ ಅನ್ನೋದು ನನ್ನ ಅನುಭವ, 45 ಪಿಎಸ್‌ಐ ತುಂಬಿರೋ ಟೈರಲ್ಲಿ ಎಂಥ ಸಸ್ಪೆನ್ಷನ್ ಇದ್ರೂ ಎತ್ತಿನ ಗಾಡಿನೇ, ಗಾಳಿ ಕಮ್ಮಿ ಇದ್ರೆ ಎಂಥ ಡಬ್ಬಾನೂ ಮೆತ್ತಗೆ ಅನ್ಸತ್ತೆ. ಗಾಡಿ ಮೇಲಿನ ಸ್ಟಿಕರಲ್ಲೋ ಮ್ಯಾನ್ಯುಯಲ್ಲಲ್ಲೋ ಎಷ್ಟು ಅಂತ ಬರೆದಿರತ್ತೆ, ಅಷ್ಟು ಹಾಕಿಸ್ಕೊಂಡೇ ಹೊರಡಿ.

ರೂಟ್ ನೀವೇ ಡಿಸೈಡ್ ಮಾಡಿ. ಒಂದು ಹಂಪ್ ಬೇಕು, ಒಂದು ಕಿತ್ತೋದ ರೋಡ್ ಬೇಕು, 80ಕ್ಕೆ ಹೋಗೋಕೆ ಆಗೋ ಒಂದು ನೇರ ದಾರಿ, ಒಂದು ಟ್ರಾಫಿಕ್ ಜಾಮ್. ಬೆಂಗಳೂರಲ್ಲಿ ಇವನ್ನ ಹುಡುಕ್ಕೊಂಡು ಹೋಗೋ ಕಷ್ಟನೇ ಇಲ್ಲ. ಮೈಸೂರು ಹೈವೇ ಕಡೆಯವ್ರಿಗಂತೂ 2023ರ ಆಗಸ್ಟ್ 1ರಿಂದ ಮೇನ್ ರೋಡಿಗೆ ಬೈಕ್ ಬಿಡಲ್ಲ, ಸರ್ವೀಸ್ ರೋಡೇ ಗತಿ, ಬೈಕೊಂಡೇ ಹೋಗ್ತೀವಿ, ಆದ್ರೆ ಸಸ್ಪೆನ್ಷನ್ ಟೆಸ್ಟ್ ಮಾಡೋಕೆ ಅಂಥ ಜಾಗ ಇನ್ನೊಂದಿಲ್ಲ.

ಹಂಪ್‌ನ ಸೆಕೆಂಡ್ ಗೇರಲ್ಲಿ 20–25 ಸ್ಪೀಡಲ್ಲಿ, ಸೀಟಿಂದ ಏಳದೇ ದಾಟಿ. ಇಳಿದ ಮೇಲೆ ಗಾಡಿ ಒಂದು ಸಲ ಕೂತು ಎದ್ದು ಸುಮ್ಮನಾಗ್ಬೇಕು. ಎರಡು ಮೂರು ಸಲ ತೊಟ್ಟಿಲು ತೂಗಿದಂಗೆ ತೂಗಿದ್ರೆ ಸ್ಪ್ರಿಂಗ್ ಕೆಲಸ ಮಾಡ್ತಿದೆ, ಅದನ್ನ ಹಿಡಿಯೋ ಡ್ಯಾಂಪಿಂಗ್ ಮಾಡ್ತಿಲ್ಲ ಅಂತ ಅರ್ಥ, ಶೋರೂಮಲ್ಲಿ ಕುಕ್ಕಿದಾಗ ಬೆಣ್ಣೆ ಅನ್ಸೋದು ಇಂಥದ್ದೇ ಗಾಡಿ. "ಟಣ್" ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸೌಂಡ್ ಬಂದ್ರೆ ಸಸ್ಪೆನ್ಷನ್ ಕೊನೆ ಮುಟ್ಟಿದೆ. ಕಿತ್ತೋದ ರೋಡಲ್ಲಿ 40ಕ್ಕೆ ಹೋಗಿ, ಇಲ್ಲಿ ನೋಡೋದು ಬೇರೆ, ಸಣ್ಣ ಸಣ್ಣ ಗುಂಡಿ ಒಂದಾದ ಮೇಲೊಂದು ಬಂದಾಗ ಗಾಡಿ ಪ್ರತಿ ಸಲಾನೂ ವಾಪಸ್ ಏಳತ್ತಾ ಅಥವಾ ಕುಗ್ತಾ ಕುಗ್ತಾ ಗಟ್ಟಿಯಾಗ್ತಾ ಹೋಗತ್ತಾ ಅಂತ. ಕೈಗೆ ಮತ್ತೆ ಸೊಂಟಕ್ಕೆ ಬರೋ ಪೆಟ್ಟನ್ನ ಬೇರೆ ಬೇರೆ ಗಮನಿಸಿ, ಕೈಗೆ ಬಂದ್ರೆ ಮುಂದಿನ ಫೋರ್ಕ್, ಸೊಂಟಕ್ಕೆ ಬಂದ್ರೆ ಹಿಂದಿನ ಶಾಕಪ್.

ಇಲ್ಲೊಂದು ಲೆಕ್ಕ ತಲೇಲಿಟ್ಕೊಳ್ಳಿ. ಹಂಟರ್‌ನಲ್ಲಿ ಹಿಂದಿನ ಸಸ್ಪೆನ್ಷನ್ ಓಡಾಡೋಕೆ ಇರೋ ಜಾಗ 102 ಮಿಲಿಮೀಟರ್, ಸ್ಪೀಡ್ 400ರಲ್ಲಿ 130, ಹಿಮಾಲಯನ್ 450ಯಲ್ಲಿ 200. ಜಾಗ ಕಮ್ಮಿ ಇದ್ರೆ ಸ್ಪ್ರಿಂಗ್ ಗಟ್ಟಿ ಇಡ್ಲೇಬೇಕು, ಇಲ್ಲಾಂದ್ರೆ ಇಬ್ರು ಕೂತ್ರೆ ಕೊನೆ ಮುಟ್ಟತ್ತೆ, ಹಂಟರ್ 2022ರಲ್ಲಿ ಬಂದಾಗ ಹಿಂದೆ ಕುಕ್ಕತ್ತೆ ಅಂತ ಸುಮಾರು ಜನ ಹೇಳಿದ್ರು, 2025ರ ಮಾಡಲ್‌ಗೆ ಕಂಪನಿಯವ್ರೇ ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ರು. ಹಂಗಂತ 200 ಇರೋದೇ ಬೆಸ್ಟ್ ಅಂತಲ್ಲ, ಹಿಮಾಲಯನ್ ಸೀಟು 825 ಮಿಲಿಮೀಟರ್ ಎತ್ತರ, ಐದೂಕಾಲು ಅಡಿ ಇರೋರು ಸಿಗ್ನಲ್ಲಲ್ಲಿ ಒಂದೇ ಕಾಲ್ಬೆರಳ ಮೇಲೆ 196 ಕೆಜಿ ಹಿಡ್ಕೊಂಡು ನಿಲ್ಬೇಕಾಗತ್ತೆ. ಕ್ಲಾಸಿಕ್ 805, ಸ್ಪೀಡ್ 2023ರಲ್ಲಿ ಬಂದಾಗ 790. ಬರೀ ನಂಬರ್ ನಂಬ್ಬೇಡಿ, ಸೀಟು ಅಗಲ ಇದ್ರೆ 790 ಕೂಡ ಎತ್ತರ ಅನ್ಸತ್ತೆ, ನೀವು ದಿನಾ ಹಾಕೋ ಚಪ್ಪಲಿನೋ ಶೂನೋ ಹಾಕ್ಕೊಂಡೇ ಕೂತು ನೋಡಿ.

ಒಂದು ಸಣ್ಣ ಟ್ರಿಕ್, ಎರಡು ರೂಪಾಯಿ ಕೇಬಲ್ ಟೈ. ಮುಂದಿನ ಫೋರ್ಕ್‌ನ ಹೊಳೆಯೋ ಪೈಪ್ ಕಾಣೋ ಗಾಡಿ ಆದ್ರೆ ಅದರ ಸುತ್ತ ಸಡಿಲಾಗಿ ಕಟ್ಟಿ, ಆಯಿಲ್ ಸೀಲ್ ತನಕ ಸರಿಸಿ ಹೊರಡಿ, ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡ್ತಾನೆ, ನೋಡ್ಲಿ. ವಾಪಸ್ ಬಂದಾಗ ಮುಂದಿನ ಚಕ್ರ ನೆಲ ಬಿಡೋ ಹಂಗೆ ನಿಲ್ಸಿ ನೋಡಿ, ಸೀಲಿಂದ ಟೈ ಎಷ್ಟು ದೂರ ಇದ್ಯೋ ಅಷ್ಟು ಫೋರ್ಕ್ ಕುಗ್ಗಿದೆ. ಕ್ಲಾಸಿಕ್ ಥರ ಮುಂದೆ 130 ಮಿಲಿಮೀಟರ್ ಇರೋ ಗಾಡೀಲಿ ನಿಮ್ಮ ರೋಡಲ್ಲಿ ನೂರು ನೂರಾಹತ್ತು ಉಪಯೋಗ ಆಗಿದ್ರೆ ಸರಿಯಾಗಿದೆ, ಪೂರ್ತಿ ಕೊನೆಗೆ ಹೋಗಿದ್ರೆ ನಿಮ್ಮ ತೂಕಕ್ಕೆ ಅದು ಮೆತ್ತಗಾಯ್ತು, ಅರ್ಧನೂ ಹೋಗಿಲ್ಲ ಅಂದ್ರೆ ನಿಮಗೆ ಗಟ್ಟಿ. ಸುಮ್ಮನೆ ಕೂತಾಗ ಆಗೋ ಕುಗ್ಗು ಒಟ್ಟು ಜಾಗದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಇದ್ರೆ ಒಳ್ಳೇದು. ಹಿಂದಿನ ಶಾಕಪ್‌ಗೆ ಈ ಕ್ಲಾಸಿನ ಹೆಚ್ಚಿನ ಗಾಡಿಗಳಲ್ಲಿ ಪ್ರೀಲೋಡ್ (ಸ್ಪ್ರಿಂಗನ್ನ ಮೊದಲೇ ಎಷ್ಟು ಒತ್ತಿಡ್ಬೇಕು ಅಂತ ಹೊಂದಿಸೋದು) ಇರತ್ತೆ, ಕ್ಲಾಸಿಕ್‌ನಲ್ಲಿ ಆರು ಸ್ಟೆಪ್, ಒಬ್ರೇ ಓಡಾಡೋರು ಕಮ್ಮಿಗೆ, ಇಬ್ರು ಅಂದ್ರೆ ಜಾಸ್ತಿಗೆ. ಪ್ರೀಲೋಡ್ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗತ್ತೆ ಅಂತ ಎಲ್ರೂ ಅಂದ್ಕೊಂಡಿದಾರೆ, ಸ್ಪ್ರಿಂಗ್ ಅದೇ, ಗಾಡಿ ನಿಲ್ಲೋ ಎತ್ತರ ಬದಲಾಗೋದು ಅಷ್ಟೇ.

ಹಿಂದೆ ಕೂರೋರನ್ನ ಕರ್ಕೊಂಡೇ ಹೋಗಿ. ನಮ್ಮನೇಲಿ ಫೈನಲ್ ತೀರ್ಪು ಅಮ್ಮಂದು. ಸೀರೆ ಉಟ್ಕೊಂಡು ಒಂದೇ ಕಡೆ ಕಾಲು ಹಾಕಿ ಕೂರ್ತಾರೆ, ಹಂಗೆ ಕೂತಾಗ ಕಾಲಿಡೋ ಜಾಗ ಎಲ್ಲಿದೆ, ಹಿಡ್ಕೊಳ್ಳೋಕೆ ಏನಿದೆ, ಸೀರೆ ಸೆರಗು ಚಕ್ರಕ್ಕೆ ಹೋಗದಂಗೆ ಸಾರಿ ಗಾರ್ಡ್ ಎಷ್ಟು ಮುಚ್ಚತ್ತೆ, ಇದೆಲ್ಲ ಯಾವ ಯೂಟ್ಯೂಬ್ ರಿವ್ಯೂನಲ್ಲೂ ಬರಲ್ಲ. ಸ್ನೇಹಿತನೊಬ್ಬನ ಗಾಡಿ ಹಿಂದೆ ಕೂತು ಬಂದು ಇಳಿದಾಗ ಅಮ್ಮ ಹೇಳಿದ್ದು ಒಂದೇ ಮಾತು, "ಇದೇನೋ, ಒಂದೂಮುಕ್ಕಾಲು ಜನಕ್ಕೆ ಮಾಡಿದಂಗಿದೆಯಲ್ಲೋ". ಅವನು ಅದನ್ನೇ ತಗೊಂಡ, ಮದುವೆ ಆದ ಆರು ತಿಂಗಳಿಗೆ ಮಾರಿದ.

ಸೀಟಿನ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಹೆಬ್ಬೆರಳಲ್ಲಿ ಒತ್ತಿದ್ರೆ ಕೆಳಗಿನ ತಟ್ಟೆ ಸಿಕ್ಕೋ ಅಷ್ಟು ಮೆತ್ತಗಿದ್ರೆ ಬೆಂಗಳೂರಿಂದ ಕುಣಿಗಲ್ ತನಕ ಸ್ವರ್ಗ, ಚನ್ನರಾಯಪಟ್ಟಣ ಬರೋ ಹೊತ್ತಿಗೆ ಎದ್ದು ನಿಂತ್ಕೊಂಡೇ ಓಡಿಸ್ಬೇಕು. ಸ್ವಲ್ಪ ಗಟ್ಟಿ ಇರೋ, ಅಗಲ ಇರೋ ಸೀಟೇ ದೂರಕ್ಕೆ ವಾಸಿ.

80ಕ್ಕೆ ಹೋದಾಗ ಕನ್ನಡಿ ನೋಡಿ. ಹಿಂದಿನ ಗಾಡಿ ನಂಬರ್ ಪ್ಲೇಟ್ ಓದೋಕೆ ಆಗತ್ತಾ, ಬರೀ ಬಣ್ಣ ಕಾಣತ್ತಾ? ಒಂದೇ ಸಿಲಿಂಡರ್ ಗಾಡಿಗಳು ನಡುಗೋದು ಸಹಜ, ಅದನ್ನ ಎಷ್ಟು ಹತೋಟೀಲಿ ಇಟ್ಟಿದಾರೆ ಅನ್ನೋದು ಕೆಲಸಗಾರಿಕೆ. ಹಳೇ 346 ಸಿಸಿ ಕ್ಲಾಸಿಕ್ ಓಡ್ಸಿದೋರಿಗೆ ಗೊತ್ತು, 80 ದಾಟಿದ್ರೆ ಅಂಗೈ ಜುಮ್ ಅಂತಿತ್ತು, 2020ರಲ್ಲಿ ಅದೇ ಕಂಪನಿಯ ಮೀಟಿಯರ್ ಜೊತೆ ಬಂದ ಹೊಸ 349 ಸಿಸಿ ಇಂಜಿನ್‌ಗೆ ನಡುಕ ತಗ್ಗಿಸೋ ಬ್ಯಾಲೆನ್ಸರ್ ಶಾಫ್ಟ್ ಹಾಕಿದ ಮೇಲೆ ಅದು ಬೇರೆ ಗಾಡಿನೇ ಆಯ್ತು. ನಡುಕ ಎಲ್ಲಿ ಬರತ್ತೆ ಅಂತ ನೋಡಿ, ಹ್ಯಾಂಡಲಲ್ಲಾ, ಫುಟ್‌ರೆಸ್ಟಲ್ಲಾ, ಟ್ಯಾಂಕಲ್ಲಾ. ಯಾವ್ದೋ ಒಂದು ಸ್ಪೀಡಲ್ಲಿ ಮಾತ್ರ ಬಂದು ಹೋದ್ರೆ ಪರವಾಗಿಲ್ಲ, ಆದ್ರೆ ಆ ಸ್ಪೀಡ್ ನೀವು ದಿನಾ ಹೋಗೋ ಸ್ಪೀಡೇ ಆಗಿದ್ರೆ ಯೋಚ್ನೆ ಮಾಡಿ.

ಇಂಜಿನ್ ಗುಣ ತಿಳ್ಕೊಳ್ಳೋಕೆ ಬೋರ್ (ಸಿಲಿಂಡರ್ ಅಗಲ), ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಎಷ್ಟು ಮಿಲಿಮೀಟರ್ ಅಂತ ನೋಡಿದ್ರೆ ಸಾಕು. ಕ್ಲಾಸಿಕ್ 72 ಬೈ 85.8, ಅಂದ್ರೆ ಪಿಸ್ಟನ್ ಸಣ್ಣದು ಓಟ ಉದ್ದ, 27 ಎನ್‌ಎಂ ಟಾರ್ಕ್ (ಎಳೆಯೋ ಬಲ) 4000 ಆರ್‌ಪಿಎಂಗೇ ಸಿಗತ್ತೆ, ಡುಗು ಡುಗು ಅಂತ ಟಾಪ್ ಗೇರಲ್ಲೇ ಎಳೆಯತ್ತೆ. ಸ್ಪೀಡ್ 400ರಲ್ಲಿ 89 ಬೈ 64, ಉಲ್ಟಾ, 40 ಪಿಎಸ್ ಪವರ್ ಬರೋದು 8000ಕ್ಕೆ, ಗೇರ್ ಬದಲಾಯಿಸ್ತಾ ಓಡ್ಸೋರಿಗೆ ಮಜಾ. ಎರಡ್ರಲ್ಲಿ ಯಾವ್ದು ಮೇಲು ಅನ್ನೋ ಜಗಳಕ್ಕೆ ಕೊನೆ ಇಲ್ಲ, ಟ್ರಾಫಿಕ್ಕಲ್ಲಿ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟು ನಡೆಯೋ ಸ್ಪೀಡಲ್ಲಿ ಹೋಗಿ ನೋಡಿ, ಯಾವ್ದು ಜರ್ಕ್ ಹೊಡೆಯದೇ ಹೋಗತ್ತೋ ಅದು ನಿಮ್ಮ ಊರಿಗೆ ಸರಿ. ರೇಡಿಯೇಟರ್ ಇರೋ ಗಾಡಿ ಆದ್ರೆ ಜಾಮಲ್ಲಿ ಹತ್ತು ನಿಮಿಷ ನಿಂತಾಗ ಅದರ ಫ್ಯಾನ್ ಬಿಸಿಗಾಳಿ ಯಾವ ಕಾಲಿಗೆ ಹೊಡೆಯತ್ತೆ ಅನ್ನೋದೂ ಗೊತ್ತಾಗತ್ತೆ, ಏಪ್ರಿಲ್‌ನಲ್ಲಿ ಟೆಸ್ಟ್ ರೈಡ್ ಮಾಡಿದ್ರೆ ಇನ್ನೂ ಒಳ್ಳೇದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕ ಜಿಎಸ್‌ಟಿ 18, ಅದಕ್ಕೆ ಮೇಲೆ 40 ಆಗಿರೋದ್ರಿಂದ ರೇಟಲ್ಲಿ ದೊಡ್ಡ ವ್ಯತ್ಯಾಸ ಬಂದಿದೆ, ಅದು ತೆರಿಗೆ ವ್ಯತ್ಯಾಸ, ಜಾಸ್ತಿ ರೇಟಿನ ಗಾಡಿ ಅಷ್ಟೇ ಜಾಸ್ತಿ ಗಟ್ಟಿ ಅಂದ್ಕೋಬೇಡಿ.

ಬ್ರೇಕ್, ಹಿಂದೆ ಯಾರೂ ಇಲ್ದೇ ಇರೋ ಒಣ ರೋಡಲ್ಲಿ 40ರಿಂದ ಮುಂದಿನ ಬ್ರೇಕನ್ನ ನಿಧಾನಕ್ಕೆ ಜಾಸ್ತಿ ಮಾಡ್ತಾ ಹಿಡೀರಿ. ಮೂತಿ ಸ್ವಲ್ಪ ಕೂರ್ಲೇಬೇಕು, ಆದ್ರೆ ಧಬಕ್ ಅಂತ ಒಂದೇ ಸಲ ಕೂತ್ರೆ ಘಾಟಲ್ಲಿ ತಿರುವಿಗೆ ಮುಂಚೆ ಬ್ರೇಕ್ ಹಿಡಿದಾಗ ಗಾಡಿ ಗೆರೆ ಬಿಡತ್ತೆ. ಲಿವರ್ ಸ್ಪಂಜ್ ಥರ ಒಳಗೆ ಹೋಗ್ಬಾರ್ದು.

ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ ಇಷ್ಟು ಸೇರಿಸ್ಕೊಳ್ಳಿ. ಮುಂದಿನ ಚಕ್ರ ನೆಲ ಬಿಡೋ ಹಂಗೆ ಗಾಡಿ ನಿಲ್ಸಿ ಫೋರ್ಕ್‌ನ ಕೆಳಗೆ ಹಿಡಿದು ಹಿಂದೆ ಮುಂದೆ ಅಲ್ಲಾಡ್ಸಿ, ಟಕ್ ಅಂದ್ರೆ ಕೋನ್‌ಸೆಟ್ ಹೋಗಿದೆ, ಹ್ಯಾಂಡಲ್ ತಿರುಗ್ಸುವಾಗ ನಡುವಲ್ಲಿ ಗುಳಿಗೆ ಬಿದ್ದಂಗೆ ನಿಂತ್ರೂ ಅದೇ. ಹಿಂದಿನ ಚಕ್ರ ಎರಡು ಪಕ್ಕ ಹಿಡಿದು ಅಲ್ಲಾಡ್ಸಿದಾಗ ಸ್ವಿಂಗ್ ಆರ್ಮ್ ಜೊತೆಗೇ ಆಡಿದ್ರೆ ಬುಷ್ ಹೋಗಿದೆ. ಫೋರ್ಕ್ ಪೈಪ್ ಮೇಲೆ ಎಣ್ಣೆ ಉಂಗುರ ಇದ್ರೆ ಸೀಲ್ ಲೀಕು. ಫ್ರೆಶ್ಶಾಗಿ ವಾಟರ್ ವಾಶ್ ಮಾಡಿ ಡೀಸೆಲ್ ಹೊಡೆದು ತೋರ್ಸಿದ್ರೆ ಎರಡು ದಿನ ಬಿಟ್ಟು ಹೇಳ್ದೇ ಮತ್ತೆ ಹೋಗಿ ನೋಡಿ, ಬೆಳಗ್ಗೆ, ಇಂಜಿನ್ ತಣ್ಣಗಿರೋವಾಗ. ಮೊದಲೇ ಬಿಸಿ ಮಾಡಿಟ್ಟಿದ್ರೆ ಯಾಕೆ ಅಂತ ಕೇಳಿ.

ಹೊಸ ಗಾಡಿ ತಗೊಂಡೋರು ಮೊದಲ್ನೇ ಸಾವಿರ ಕಿಲೋಮೀಟರ್ ತನಕ ಸಸ್ಪೆನ್ಷನ್ ಬಗ್ಗೆ ಕೊನೆ ಮಾತು ಹೇಳ್ಬೇಡಿ, ಸೀಲ್‌ಗಳು ಹೊಸದ್ರಲ್ಲಿ ಹಿಡ್ಕೊಂಡಿರತ್ತೆ, ಆಮೇಲೆ ಸಡಿಲ ಆಗತ್ತೆ. ಮೊದಲ್ನೇ ಸರ್ವೀಸಿಗೆ ಬಿಡುವಾಗ ಆಯಿಲ್ ಬದಲಾಯಿಸೋದು ಅವರೇ ಮಾಡ್ತಾರೆ, ಚೈನ್ ಸಡಿಲ ಎಷ್ಟಿದೆ, ಕೋನ್‌ಸೆಟ್ ಟೈಟ್ ಮಾಡಿದ್ರಾ, ಸೈಲೆನ್ಸರ್ ನಟ್‌ಗಳಿಗೆ ಸ್ಪ್ಯಾನರ್ ಹಾಕಿದ್ರಾ ಅಂತ ನೀವು ಬಾಯಿ ಬಿಟ್ಟು ಕೇಳ್ಬೇಕು, ಜಾಬ್ ಕಾರ್ಡಲ್ಲಿ ಬರೆಸ್ಬೇಕು. ಟ್ಯಾಂಕ್ ಬಿಚ್ಚಿದ್ರೆ ಆ ಹ್ಯಾಂಡಲ್ ಹತ್ರದ ವೈರಿಂಗ್‌ದೊಂದು ಫೋಟೋ ಕಳ್ಸಿ ಅಂತ ನಾನು ಹೇಳ್ತೀನಿ, ಇಲ್ಲೀವರೆಗೂ ಯಾರೂ ಇಲ್ಲ ಅಂದಿಲ್ಲ.